ಲಕ್ಷ್ಮೀಪತಿ ಕರೆಯದ ಮನೆ

ನಮ್ಮ ಬಿ.ಕಾಂ. ಬ್ಯಾಚಿನವರ ಮನೆಯಲ್ಲಿ ಏನೇ ನಡೆದರೂ ಮೊದಲು ಗೊತ್ತಾಗುವುದು ಲಕ್ಷ್ಮೀಪತಿಗೆ. ಆ ಮನೆಯವರಿಗೆ ಆಮೇಲೆ. ಕೃಷ್ಣಗಿರಿಯಲ್ಲಿ ಮಾವಿನಹಣ್ಣಿನ ವ್ಯಾಪಾರ ಮಾಡುವ ಅಂಬರೀಶನ ಅತ್ತೆಗೆ ಮೊಣಕಾಲಿನ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದ ದಿನ, ಅಂಬರೀಶ ಲಾರಿಯ ಹಿಂದೆ ಚಿತ್ತೂರಿಗೆ ಹೋಗಿದ್ದ. ಲಕ್ಷ್ಮೀಪತಿ ಅವನಿಗೆ ಫೋನು ಮಾಡಿ, "ಎಡಗಾಲು ಮಾತ್ರ ಅಂತೆ. ಬಲಗಾಲು ಇನ್ನೊಂದ್ ವರ್ಷ ತಡೀತದಂತೆ. ಹೆದರ್ಕಬೇಡ ಕಣ್ಲಾ" ಎಂದು ಧೈರ್ಯ ಹೇಳಿದ. ಅತ್ತೆಗೆ ಕಾಲುನೋವಿದೆ ಎಂಬುದೇ ಅಂಬರೀಶನಿಗೆ ಆಗ ಗೊತ್ತಾದದ್ದು.

ಲಕ್ಷ್ಮೀಪತಿಯ ಸ್ವಂತ ಊರು ಉದ್ದನಪಲ್ಲಿ. ಅಣ್ಣಂದಿರು ಅಲ್ಲೇ ಟೊಮೇಟೊ, ಕೊತ್ತಂಬರಿ ಬೆಳೆದುಕೊಂಡಿದ್ದಾರೆ. ಇವನು ಮೂಕಂಡಪಲ್ಲಿಯಲ್ಲಿ ಬಾಡಿಗೆಗೆ ಇದ್ದು, ಅಲ್ಲೇ ಒಂದು ಕಾರ್ಖಾನೆಯ ಸ್ಟೋರ್ಸ್ ನೋಡಿಕೊಳ್ಳುತ್ತಾನೆ. ಬಹಳ ದಿನ ಯಾರೂ ಕೇಳದೆ ಕಪಾಟಿನಲ್ಲೇ ಕೂತ ಸಾಮಾನನ್ನು ಸ್ಟೋರ್ಸಿನವರು ನಾನ್-ಮೂವಿಂಗ್ ಎನ್ನುತ್ತಾರಂತೆ. ಲಕ್ಷ್ಮೀಪತಿ ಈ ಮಾತನ್ನು ಕಾರ್ಖಾನೆಯ ಗೇಟು ದಾಟಿಸಿ ಹೊರಗೆ ತಂದಿದ್ದಾನೆ. ನಾಲ್ಕಾರು ತಿಂಗಳು ಸುದ್ದಿಯಿಲ್ಲದ ಸಹಪಾಠಿ ಇವನ ಬಾಯಲ್ಲಿ ನಾನ್-ಮೂವಿಂಗ್. "ಸುಬ್ರಮಣಿ ನಾನ್-ಮೂವಿಂಗ್ ಆಗ್ಬುಟ್ಟವ್ನೆ. ಭಾನುವಾರ ಹೋಗಿ ಒಂದ್ಸಲ ಅಲ್ಲಾಡಿಸಿ ಬರಾನ" ಎನ್ನುತ್ತಾನೆ. ಅಲ್ಲಾಡಿಸುವುದೆಂದರೆ ಹೇಳದೆ ಕೇಳದೆ ಅವರ ಮನೆಗೆ ಹೋಗಿ, ಉಂಡು, ಮಕ್ಕಳ ಮಾರ್ಕ್ಸು, ಅಪ್ಪನ ಸಕ್ಕರೆ ಕಾಯಿಲೆ, ತಂಗಿಯ ಗಂಡನ ಟ್ರಾನ್ಸ್‌ಫರು ಎಲ್ಲವನ್ನೂ ವಿಚಾರಿಸಿಕೊಂಡು ಬರುವುದು. ವಿಚಾರಿಸುವ ಬಾಯಿ ಅವನದು, ಗಾಡಿ ನನ್ನದು.

ನಾನು ಯತಿರಾಜ. ಜೂಜುವಾಡಿಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿದ್ದೇನೆ. ನಮ್ಮಪ್ಪ ಮಾಲೂರು ಕಡೆಯಿಂದ ಹೊಸೂರಿನ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ಕೃಷ್ಣಗಿರಿಯ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಮೊದಲ ದಿನ ನನ್ನ ಪಕ್ಕ ಬಂದು ಕೂತ ಲಕ್ಷ್ಮೀಪತಿ ಇವತ್ತಿನವರೆಗೂ ಎದ್ದಿಲ್ಲ. ಆಗ ಬಸ್ಸಿನ ಸೀಟು, ಈಗ ನನ್ನ ಅಂಗಡಿಯ ಹಳೇ ಓಮ್ನಿಯ ಮುಂದಿನ ಸೀಟು.

ಪ್ರತಿ ಶನಿವಾರ ಶಿಫ್ಟು ಮುಗಿಸಿಕೊಂಡು ಅಂಗಡಿಗೆ ಬರುತ್ತಾನೆ. ಕೇಬಲ್ ಸುರುಳಿಯ ಮೇಲೆ ಕೂತು ವಾರದ ವಾರ್ತೆ ಓದುತ್ತಾನೆ. ಯಾರು ಮನೆ ಕಟ್ಟುತ್ತಿದ್ದಾರೆ, ಯಾರ ಮನೆಯ ಛಾವಣಿ ಸೋರುತ್ತಿದೆ, ಯಾರ ಮಗ ಯಾವ ಹುಡುಗಿಯ ಹಿಂದೆ ಬಿದ್ದಿದ್ದಾನೆ, ಆ ಹುಡುಗಿಯ ಅಪ್ಪನಿಗೆ ಅದು ಗೊತ್ತೋ ಇಲ್ಲವೋ, ಎಲ್ಲವೂ ಬರುತ್ತದೆ. ನನ್ನ ಸುದ್ದಿ ಮಾತ್ರ ಕೇಳುವುದಿಲ್ಲ. ಕಣ್ಣೆದುರು ಕೂತವನ ಸುದ್ದಿ ಏನು ಕೇಳುವುದು ಎಂದಿರಬೇಕು. ನನ್ನ ಸ್ವಭಾವವೂ ಒಂದಿದೆ. ಕೇಳದವರಿಗೆ ನನ್ನ ಸಮಾಚಾರ ಹೇಳುವವನಲ್ಲ ನಾನು. ಅವನಿಗೆ ಬೇಕಿದ್ದರೆ ಕೇಳಲಿ, ಬಾಯಿ ಅವನಿಗೇನು ಕಡಿಮೆಯೇ?

ಹೀಗಾಗಿ ನಾವು ಮನೆ ಬದಲಾಯಿಸಿದ್ದೂ ಅವನಿಗೆ ಗೊತ್ತಿರಲಿಲ್ಲ. ಹೊಸೂರಿನ ಬಾಡಿಗೆ ಮನೆಯನ್ನು ಅದರ ಯಜಮಾನರು ಮಗನ ಸಂಸಾರಕ್ಕೆಂದು ಬಿಡಿಸಿಕೊಂಡರು. ನಾನೂ ನನ್ನ ಹೆಂಡತಿ ಸಹನಾಳೂ ಅಂಗಡಿಯ ಮೇಲಿನ ಮಹಡಿಗೇ ಬಂದುಬಿಟ್ಟೆವು. ಮೆಟ್ಟಿಲು ಪಕ್ಕದ ಓಣಿಯಲ್ಲಿದೆ. ಎರಡು ವರ್ಷದಿಂದ ಲಕ್ಷ್ಮೀಪತಿ ನಮ್ಮ ಅಡುಗೆಮನೆಯ ಕೆಳಗೇ ಕೂತು, ಸಹನಾ ಫ್ಲಾಸ್ಕಿನಲ್ಲಿ ಕಳಿಸಿದ ಟೀಯನ್ನೇ ಕುಡಿದು, "ನಿಮ್ಮ ಪಕ್ಕದ ಬೇಕರಿಯವ್ನು ಶುಂಠಿ ಚೆನ್ನಾಗಿ ಹಾಕ್ತಾನೆ" ಎನ್ನುತ್ತಿದ್ದ. ನಾನು ಹೌದು ಎನ್ನುತ್ತಿದ್ದೆ. ಸಹನಾಳಿಗೆ ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಸಿಟ್ಟು ಬರತೊಡಗಿತು.

ಅವನ ಕಟ್ಟುನಿಟ್ಟೊಂದನ್ನು ಇಲ್ಲಿ ಹೇಳಬೇಕು. ವಾಟ್ಸ್ಯಾಪಿನಲ್ಲಿ ಬಂದ ಲಗ್ನಪತ್ರಿಕೆಯನ್ನು ಅವನು ಒಪ್ಪುವುದಿಲ್ಲ. "ಅದು ಸಮಾಚಾರ ತಿಳ್ಸೋದು ಕಣ್ಲಾ, ಕರೆಯೋದಲ್ಲ. ಕರೆಯೋದು ಅಂದ್ರೆ ಗಂಡ ಹೆಂಡ್ತಿ ಇಬ್ರೂ ಬಂದು ಹೊಸಲು ತುಳೀಬೇಕು. ಮನೆ ಹೆಣ್ಮಗಳಿಗೆ ಕುಂಕುಮ ಕೊಡ್ಬೇಕು. ತಟ್ಟೇಲಿ ಎಲೆ ಅಡಿಕೆ ಇಟ್ಟು ಪತ್ರಿಕೆ ಕೊಟ್ಟು, ಮನೆಮಂದಿಯೆಲ್ಲ ಬರ್ಬೇಕು ಅನ್ಬೇಕು." ನಮ್ಮ ಜೊತೆ ಓದಿದ ಉಷಾರಾಣಿ, ಈಗ ಕೃಷ್ಣಗಿರಿಯಲ್ಲಿ ಟೀಚರು, ಒಮ್ಮೆ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವಳು ಚೀಲದಿಂದ ಗೃಹಪ್ರವೇಶದ ಕಾರ್ಡು ತೆಗೆದು ಕೊಟ್ಟಳು. ಇವನು ಅದನ್ನು ಪೂರ್ತಿ ಓದಿ, ಮಡಿಸಿ, ವಾಪಸು ಅವಳ ಕೈಗಿಟ್ಟು, "ಮನೆಗೆ ಬಂದು ಕೊಡಮ್ಮ" ಎಂದ. ಪಾಪ, ಅವಳು ಮುಂದಿನ ವಾರ ಗಂಡನನ್ನು ಕರೆದುಕೊಂಡು ಬಸ್ಸು ಹತ್ತಿ ಬಂದಳು. ಕರೆದ ಮೇಲೆ ಇವನಂಥ ನೆಂಟ ಇನ್ನೊಬ್ಬನಿಲ್ಲ. ಗೃಹಪ್ರವೇಶದ ದಿನ ಬೆಳಕು ಹರಿಯುವ ಮೊದಲೇ ಹೋಗಿ ಮಾವಿನ ತೋರಣ ಕಟ್ಟಿದವನು, ಸಂಜೆ ಪಾತ್ರೆ ಎಣಿಸಿ ಸಪ್ಲೈಯರ್ ಗಾಡಿಗೆ ಹಾಕಿಸಿಯೇ ಬಂದ.

ಇಂಥವನ ಒಬ್ಬಳೇ ಮಗಳು ಭಾನುವಿಗೆ ಮದುವೆ ಗೊತ್ತಾಯಿತು. ನಮ್ಮ ಬ್ಯಾಚಿನ ಒಬ್ಬರನ್ನೂ ಬಿಡದೆ, ಮನೆಮನೆಗೆ ಹೋಗಿ ಕರೆಯುವುದೆಂದು ನಿಶ್ಚಯವಾಯಿತು. ನಿಶ್ಚಯ ಅವನದು, ಗಾಡಿ ಓಡಿಸುವ ಜವಾಬ್ದಾರಿ ನನ್ನದು. ಭಾನುವಾರ ಬಂತೆಂದರೆ ಮೂಕಂಡಪಲ್ಲಿಗೆ ಹೋಗಿ ಅವನನ್ನೂ ಅವನ ಹೆಂಡತಿ ಆದಿಲಕ್ಷ್ಮಿಯನ್ನೂ ಹತ್ತಿಸಿಕೊಳ್ಳುತ್ತಿದ್ದೆ. ಶೂಲಗಿರಿ, ಕೃಷ್ಣಗಿರಿ, ಬರಗೂರು, ರಾಯಕೋಟೆ ಎಂದು ಗಾಡಿ ಸುತ್ತಿತು. ಮೊದಮೊದಲು ನಾನು ಹೊರಗೆ ಗಾಡಿಯಲ್ಲೇ ಕೂರುತ್ತಿದ್ದೆ. ಆಮೇಲೆ ಆದಿಲಕ್ಷ್ಮಿ, "ಅಣ್ಣ, ಬಾಳೆಹಣ್ಣು ಒಂದೀಟು ಹಿಡ್ಕಳ್ಳಿ" ಎಂದಳು. ಆಮೇಲೆ ತಟ್ಟೆಯೂ ನನ್ನ ಕೈಗೆ ಬಂತು. ಕೊನೆಕೊನೆಗೆ ಇವರು ಚಪ್ಪಲಿ ಬಿಡುವಷ್ಟರಲ್ಲಿ ನಾನೇ ಒಳಗೆ ಹೋಗಿ, "ಮನೆಮಂದಿಯೆಲ್ಲ ಬರ್ಬೇಕು" ಎಂದು ಹೇಳಿ ಮುಗಿಸಿರುತ್ತಿದ್ದೆ. ಅಂಬರೀಶನ ಅತ್ತೆ ನನ್ನನ್ನೇ ಹುಡುಗಿಯ ಸೋದರಮಾವ ಎಂದುಕೊಂಡು, ಅರ್ಧ ತಮಿಳಿನಲ್ಲಿ ಹುಡುಗಿಗೆ ಹಾಕುವ ಒಡವೆಯ ಬಗ್ಗೆ ನನ್ನಿಂದ ವಿವರ ಪಡೆದರು.

ಮನೆಗೆ ಬಂದರೆ ಸಹನಾ ಬಾಗಿಲಲ್ಲೇ ಕೇಳುತ್ತಿದ್ದಳು. "ನಮ್ಮನೆಗೆ ಯಾವಾಗ ಬತ್ತಾರಂತೆ?"

"ದೂರದವರದು ಮುಗೀಲಿ ಅಂತವ್ನೆ. ಹತ್ರದವರು ಕೊನೆಗೆ" ಎನ್ನುತ್ತಿದ್ದೆ. ಅವನು ಹಾಗೆಂದು ಹೇಳಿರಲಿಲ್ಲ. ಹೇಳುತ್ತಾನೆ ಎಂದು ನನಗೆ ನಂಬಿಕೆಯಿತ್ತು.

ಅವಳು ಆಗಲೇ ರೇಷ್ಮೆ ಸೀರೆಗೆ ಬ್ಲೌಸು ಹೊಲಿಸಿ ತಂದಿದ್ದಳು. ಕಾರ್ಡಿನ ಪೆಟ್ಟಿಗೆ ಓಮ್ನಿಯ ಹಿಂದಿನ ಸೀಟಿನಲ್ಲೇ ಇರುತ್ತಿತ್ತು. ವಾರವಾರ ಅದು ಖಾಲಿಯಾಗುವುದನ್ನು ನಾನು ಕಣ್ಣಾರೆ ನೋಡಿದೆ. ಕೊನೆಗೆ ತಡೆಯಲಾರದೆ, ರಾಯಕೋಟೆಯಿಂದ ವಾಪಸು ಬರುವಾಗ, "ಯಾರಾದ್ರೂ ಬಿಟ್ಟೋದ್ರಾ, ಸರಿಯಾಗಿ ಯೋಚ್ನೆ ಮಾಡ್ಲಾ" ಎಂದೆ. ಮದುವೆಗೆ ಇನ್ನೊಂದೇ ಭಾನುವಾರ ಉಳಿದಿತ್ತು.

ಲಕ್ಷ್ಮೀಪತಿ ಕಣ್ಣು ಮುಚ್ಚಿ ಯೋಚಿಸಿದ. ಥಟ್ಟನೆ ತೊಡೆ ತಟ್ಟಿಕೊಂಡ. "ಒಳ್ಳೇ ಕೆಲ್ಸ ಮಾಡ್ದೆ ನೀನು ನೆನಪ್ಮಾಡಿ. ಕೊಂಡಪ್ಪನ್ನ ಬಿಟ್ಬುಟ್ಟಿದ್ವಲ್ಲ."

ಕೊಂಡಪ್ಪ ಮೊದಲ ವರ್ಷದಲ್ಲೇ ಕಾಲೇಜು ಬಿಟ್ಟವನು. ಅವನಿಗಾಗಿ ಆ ಉಳಿದ ಭಾನುವಾರ ಡೆಂಕಣಿಕೋಟೆಗೆ ಹೋದೆವು. ನಾಲ್ಕು ಕಡೆ ಕೇಳಿ, ಊರಾಚೆಯ ಕೋಳಿ ಫಾರಂ ಒಂದರಲ್ಲಿ ಅವನನ್ನು ಪತ್ತೆ ಮಾಡಿದೆವು. ಅವನು ಲಕ್ಷ್ಮೀಪತಿಯನ್ನು ನೋಡಿದ, ನನ್ನನ್ನು ನೋಡಿದ, ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ. "ನಾನು ಆ ಕಾಲೇಜಿಗೆ ಬಂದಿದ್ದೇ ನಂಗೆ ಸರಿಯಾಗಿ ಗ್ಯಾಪಕ ಇಲ್ಲ ಸಾರ್" ಎಂದ. ಲಕ್ಷ್ಮೀಪತಿ ಅವನಿಗೆ ಅವನು ಕೂರುತ್ತಿದ್ದ ಬೆಂಚನ್ನು ನೆನಪು ಮಾಡಿಕೊಟ್ಟ. ಎದ್ದು ಬರುವಷ್ಟರಲ್ಲಿ ಕೊಂಡಪ್ಪನ ಇಬ್ಬರು ಮಕ್ಕಳ ಹೆಸರು, ಓದು, ಹೆಂಡತಿಯ ಥೈರಾಯ್ಡು ಎಲ್ಲ ಇವನಿಗೆ ಬಾಯಿಪಾಠವಾಗಿತ್ತು. ವಾಪಸು ಬರುವಾಗ ಸೀಟಿಗೆ ಒರಗಿ, "ಸದ್ಯ, ಎಲ್ರನ್ನೂ ಕರೆದು ಮುಗಿಸಿದ್ವಿ ಕಣ್ಲಾ ನಾವಿಬ್ರು" ಎಂದು ನಿಟ್ಟುಸಿರು ಬಿಟ್ಟ. ನಾನು ಗೇರು ಬದಲಾಯಿಸಿದೆ. ಮನಸ್ಸಿನೊಳಗೆ ಏನೇನು ಬಂತೋ ಅದನ್ನು ಬರೆಯುವಂತಿಲ್ಲ.

ಸಹನಾ ಕೂಗಾಡಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾದದ್ದು. "ನೀವು ಹೋಗೋದಾದ್ರೆ ಹೋಗಿ. ಡ್ರೈವರ್‌ಗೆ ಯಾರೂ ಪತ್ರಿಕೆ ಕೊಡಲ್ಲ. ನಾನು ಡ್ರೈವರ್ ಹೆಂಡ್ತಿಯಾಗಿ ಹೋಗಿ ಎಲೆ ಮುಂದೆ ಕೂತ್ಕಳಲ್ಲ" ಎಂದು ಸೀರೆಯನ್ನು ಬೀರುವಿನಲ್ಲಿ ಇಟ್ಟಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಹೆಂಡತಿಯನ್ನು ಬಿಟ್ಟು ಹೋದರೆ ಅವಳ ಮರ್ಯಾದೆಯನ್ನು ನಾನೇ ಕಳೆದಂತೆ. ಹೋಗದಿದ್ದರೆ, ಆ ಬಸ್ಸಿನ ಸೀಟಿನಿಂದ ಇಲ್ಲಿಯವರೆಗೆ ಬಂದ ಸ್ನೇಹ ಅಲ್ಲಿಗೆ ಮುಗಿದಂತೆ. ಅವನ ಮಗಳ ಮದುವೆಗೆ ನಾನಿಲ್ಲದಿದ್ದರೆ ಇನ್ನು ಯಾವ ಮುಖ ಇಟ್ಟುಕೊಂಡು ಶನಿವಾರ ಟೀ ಕುಡಿಸುವುದು? ಫೋನು ಮಾಡಿ ಕೇಳಬಹುದಿತ್ತು. ಆದರೆ ನನ್ನನ್ನು ಕರಿ ಎಂದು ಕೇಳಿ ಕರೆಸಿಕೊಳ್ಳುವುದಕ್ಕಿಂತ ಅಂಗಡಿ ಮುಚ್ಚಿಕೊಂಡು ಮಾಲೂರಿಗೆ ಹೋಗುವುದು ವಾಸಿ ಎನಿಸಿತು.

ಮುಹೂರ್ತದ ಹಿಂದಿನ ಸಂಜೆ ರಾಯಕೋಟೆ ರಸ್ತೆಯ ಮಂಟಪದಲ್ಲಿ ರಿಸೆಪ್ಶನ್. ನಾನು ಮನೆಯಲ್ಲೇ ಕೂತು ಟಿವಿ ನೋಡುತ್ತಿದ್ದೆ. ಏನು ನೋಡಿದೆನೋ ದೇವರಿಗೇ ಗೊತ್ತು. ಫೋನು ಬಂತು. ಉಷಾರಾಣಿ.

"ಎಲ್ಲಿದೀಯ ಯತಿರಾಜ?" ಎಂದಳು. ಹಿಂದೆ ವಾಲಗ ಕೇಳುತ್ತಿತ್ತು.

"ಯಾಕೆ?"

"ನಿನ್ನ ಹುಡುಕಿ ಹುಡುಕಿ ಸಾಕಾಯ್ತು. ಲಕ್ಷ್ಮೀಪತೀನ ಕೇಳಿದ್ರೆ, ಇಲ್ಲೇ ಅವ್ನೆ, ಅಡುಗೆಮನೆ ಹತ್ರ ನೋಡು ಅಂತಾನೆ. ಅಡುಗೆಮನೆಗೂ ಹೋಗಿ ಬಂದೆ. ಹಂಗಾದ್ರೆ ಪಾರ್ಕಿಂಗ್ ಹತ್ರ ಇರ್ತಾನೆ ಅಂದ. ಪಾರ್ಕಿಂಗಲ್ಲೂ ಇಲ್ಲ."

"ನಾನು ಮನೇಲಿದೀನಿ" ಎಂದು ಫೋನು ಇಟ್ಟೆ. ಸಹನಾಳಿಗೆ ನಡೆದದ್ದನ್ನು ಹೇಳಿದೆ. ಅವಳು ಅಡುಗೆಮನೆಯಿಂದ ಹೊರಗೆ ಬಂದು ನನ್ನ ಮುಖವನ್ನೇ ನೋಡುತ್ತಾ ನಿಂತಳು. ನಾನಿಲ್ಲದ್ದೂ ಅವನಿಗೆ ಗೊತ್ತಾಗಿಲ್ಲ ಎಂದು ಅವಮಾನಪಡಬೇಕೋ, ನಾನಿಲ್ಲದೆ ಇರುವುದು ಅವನ ತಲೆಗೇ ಹೋಗದು ಎಂದು ಸಂತೋಷಪಡಬೇಕೋ, ನನಗೆ ತಿಳಿಯಲಿಲ್ಲ. ಎರಡೂ ಆಯಿತು.

"ಏಳಿ, ಹೋಗಿ ಕೇಳ್ಬುಟ್ಟು ಬರಾನ" ಎಂದಳು ಸಹನಾ. "ಊಟಕ್ಕೆ ಹೋಗೋಕೆ ಪತ್ರಿಕೆ ಬೇಕು. ಕೇಳೋಕೆ ಹೋಗೋದಕ್ಕೆ ಬೇಕಾಗಿಲ್ಲ."

ಕೇಳಿ ಬರುವುದಕ್ಕೆ ರೇಷ್ಮೆ ಸೀರೆ ಯಾಕೆ ಉಟ್ಟಳೆಂದು ನಾನು ವಿಚಾರಿಸಲಿಲ್ಲ.

ಮಂಟಪದ ಬಾಗಿಲಲ್ಲಿ ಆದಿಲಕ್ಷ್ಮಿ ಪನ್ನೀರು ಎರಚುತ್ತಿದ್ದಳು. ಲಕ್ಷ್ಮೀಪತಿ ಹೊಸ ಪಂಚೆಯ ಚುಂಗು ಎತ್ತಿಕೊಂಡು ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದ. ನಮ್ಮನ್ನು ನೋಡಿದವನೇ, "ಎಲ್ಲೋಗಿದ್ಯಲಾ? ಜನರೇಟರ್ ಯಾಕೋ ಗೊರಗೊರ ಅಂತಾ ಐತೆ, ಒಂದೀಟು ನೋಡ್ಬುಡು" ಎಂದ.

ಸಹನಾ ಬಾಗಿಲಿನಿಂದ ಈಚೆಗೇ ನಿಂತಳು. "ಅಣ್ಣ, ನಾವು ಜನರೇಟರ್ ನೋಡೋಕೆ ಬಂದಿಲ್ಲ. ಕರೀದೆ ಇರೋ ಮನೆಗೆ ಒಳಗೂ ಬರಲ್ಲ. ಭಾನೂನ ಇಲ್ಲಿಂದ್ಲೇ ನೋಡ್ಕಂಡು ಹೋಗ್ತೀವಿ."

ಲಕ್ಷ್ಮೀಪತಿ ನಕ್ಕ. ಆಮೇಲೆ ಅವಳ ಮುಖ ನೋಡಿ ನಗುವುದನ್ನು ನಿಲ್ಲಿಸಿದ. "ನಿಮ್ಮನೆಗೆ ಬರ್ಲಿಲ್ವಾ ನಾವು?" ಎಂದು ಹೆಂಡತಿಯ ಕಡೆ ತಿರುಗಿದ.

"ಶೂಲಗಿರಿಗೆ ಹೋಗಿದ್ ದಿವ್ಸ ಹೋಗಿದ್ವಲ್ಲ?" ಎಂದಳು ಆದಿಲಕ್ಷ್ಮಿ.

"ಅವತ್ತು ಎಲ್ಲಿ? ಅವತ್ತು ಇವ್ನು ಗಾಡೀಲಿದ್ದ."

"ರಾಯಕೋಟೆಗೆ ಹೋದಾಗ?"

"ಆವಾಗ್ಲೂ ಇವ್ನು ಗಾಡೀಲೇ ಇದ್ದ."

ಇಬ್ಬರೂ ಎಲ್ಲ ಭಾನುವಾರಗಳನ್ನೂ ಬಾಗಿಲಲ್ಲೇ ನಿಂತು ತಿರುವಿ ಹಾಕಿದರು. ಹಿಂದೆ ಬಂದ ನೆಂಟರು ಪನ್ನೀರಿಗಾಗಿ ಕಾದರು. ಪ್ರತಿ ಭಾನುವಾರವೂ ನಾನು ಗಾಡಿಯಲ್ಲೇ ಇದ್ದೆ. ಲಕ್ಷ್ಮೀಪತಿಯ ಮುಖ ಬಿಳಿಚಿಕೊಂಡಿತು. ನನಗೆ ಅಯ್ಯೋ ಎನಿಸಿತು. ಮಗಳ ಮದುವೆಯ ದಿನ ಅಪ್ಪನ ಮುಖ ಹಾಗಾಗಬಾರದು. "ಹೋಗ್ಲಿ ಬುಡ್ಲಾ, ಒಂದು ಕಾರ್ಡು ಇಲ್ಲೇ ಕೊಟ್ಬುಡು" ಎಂದೆ.

"ಸುಮ್ನಿರು ನೀನು. ಇಲ್ಲಿ ಕೊಟ್ರೆ ಅದು ಕರೆದಂಗಾಯ್ತದಾ?"

ಮುಂದಿನದನ್ನು ನಮ್ಮ ಬ್ಯಾಚಿನವರು ಇವತ್ತಿಗೂ ನಂಬುವುದಿಲ್ಲ, ಕಣ್ಣಾರೆ ನೋಡಿದವರೂ ನಂಬುವುದಿಲ್ಲ. ಲಕ್ಷ್ಮೀಪತಿ ಬಾಗಿಲಲ್ಲಿದ್ದ ಕುಂಕುಮದ ತಟ್ಟೆ ಎತ್ತಿಕೊಂಡ. ಪನ್ನೀರು ದಾನಿಯನ್ನು ಉಷಾರಾಣಿಯ ಕೈಗೆ ಕೊಟ್ಟ. ಬೀಗರನ್ನು ಮಾತಾಡಿಸುತ್ತಿರು ಎಂದು ಅಂಬರೀಶನನ್ನು ಒಳಗೆ ತಳ್ಳಿದ. ಊಟದ ಪಂಕ್ತಿಯ ಉಸ್ತುವಾರಿಗೆ ಯಾರೂ ಸಿಗದೆ, ಎಲ್ಲರಿಗಿಂತ ಮೊದಲು ಬಂದು ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ ಕೊಂಡಪ್ಪನನ್ನು ಎಬ್ಬಿಸಿ ನಿಲ್ಲಿಸಿದ. "ಒಂದ್ ಗಳಿಗೆ, ಬತ್ತೀನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹೆಂಡತಿಯ ಕೈ ಹಿಡಿದು ನನ್ನ ಓಮ್ನಿ ಹತ್ತಿದ. ವೇದಿಕೆಯ ಮೇಲೆ ಗಂಡು ಹೆಣ್ಣು ಫೋಟೋಕ್ಕೆ ನಿಂತಿದ್ದರು. ಹೆಣ್ಣಿನ ಅಪ್ಪ ಅಮ್ಮ ಇಬ್ಬರೂ ಮಂಟಪದಲ್ಲಿರಲಿಲ್ಲ.

ಹೊಸೂರು ದಾಟುವ ಮೊದಲೇ ಅವನು, "ಎಡಕ್ಕೆ ತಿರುಗ್ಸು, ಎಡಕ್ಕೆ" ಎಂದ. ಅದು ನಮ್ಮ ಹಳೇ ಮನೆಯ ದಾರಿ.

"ಆ ಮನೆ ಬಿಟ್ಟು ಎರಡು ವರ್ಷ ಆಯ್ತು" ಎಂದೆ.

"ಹಂಗಾದ್ರೆ ಈವಾಗ ಎಲ್ಲಿದೀರ?"

"ಅಂಗಡಿ ಮೇಲೆ."

ಅಂಗಡಿಗೆ ಬಂದಾಗ ಎಂದಾದರೂ ತಲೆಯೆತ್ತಿ ಮಹಡಿ ನೋಡಿದ್ದೆನೇ ಎಂದು ನೆನಪಿಸಿಕೊಳ್ಳುತ್ತಿರಬೇಕು, ಅವನು ಬೆರಳು ಮಡಿಸಿ ಶನಿವಾರಗಳನ್ನು ಎಣಿಸತೊಡಗಿದ. ಜೂಜುವಾಡಿಯ ಲಾರಿಗಳ ಸಾಲಿನಲ್ಲಿ ನುಸುಳಿ ಓಣಿಗೆ ಬಂದೆವು. ಸಹನಾ ಮೊದಲು ಮೇಲೆ ಹೋಗಿ ಬಾಗಿಲು ತೆರೆದು, ದೀಪ ಹಾಕಿ, ಮನೆಯ ಯಜಮಾನಿಯಾಗಿ ನಿಂತಳು. ಅವರಿಬ್ಬರೂ ಮೆಟ್ಟಿಲು ಹತ್ತಿ ಬಂದರು. ಆದಿಲಕ್ಷ್ಮಿ ಕುಂಕುಮ ಕೊಟ್ಟು, ಸಹನಾಳ ಕೈಯನ್ನು ಬಿಡದೆ ಹಿಡಿದುಕೊಂಡಳು. ಲಕ್ಷ್ಮೀಪತಿ ಓಮ್ನಿಯ ಪೆಟ್ಟಿಗೆಯಲ್ಲಿ ಉಳಿದಿದ್ದ ಕಾರ್ಡೊಂದನ್ನು ತಟ್ಟೆಯಲ್ಲಿಟ್ಟು ಮುಂದೆ ಹಿಡಿದು, "ಮನೆಮಂದಿಯೆಲ್ಲ ಬರ್ಬೇಕು ತಂಗಿ" ಎಂದ. ಆ ಮಾತನ್ನು ಅವನು ಎಷ್ಟೋ ಮನೆಗಳಲ್ಲಿ ಹೇಳಿದ್ದನ್ನು ಕೇಳಿದ್ದೆ. ಎಲ್ಲೂ ಅವನು ಹೀಗೆ ಎರಡೂ ಕೈಯಲ್ಲಿ ತಟ್ಟೆ ಹಿಡಿದು ತಲೆ ಬಗ್ಗಿಸಿರಲಿಲ್ಲ.

ಕರೆಯಲು ಬಂದವರನ್ನು ಬರಿಬಾಯಲ್ಲಿ ಕಳಿಸುವಂತಿಲ್ಲ. ಅವರ ಫೋನುಗಳೆರಡೂ ಹೊಡೆದುಕೊಳ್ಳುತ್ತಿದ್ದರೂ ಸಹನಾ ನಿಧಾನವಾಗಿ ಹಾಲು ಕಾಯಿಸಿದಳು. ಲಕ್ಷ್ಮೀಪತಿ ಒಂದು ಗುಟುಕು ಶುಂಠಿ ಟೀ ಕುಡಿದು, ಲೋಟದೊಳಗೆ ನೋಡಿದ. ಸಹನಾಳನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ನಿಂದೇನ್ಲಾ ಸಮಾಚಾರ?" ಎಂದ.

ಅಷ್ಟು ವರ್ಷ ಕಾದಿದ್ದ ಪ್ರಶ್ನೆ. "ಏನಿಲ್ಲ, ಚೆನ್ನಾಗಿದೀನಿ" ಎಂದುಬಿಟ್ಟೆ.

"ಹೇಳಿ" ಎಂದಳು ಸಹನಾ. "ಗಾಲ್‌ಬ್ಲ್ಯಾಡರ್ ತೆಗ್ಸಿದ್ದು ಹೇಳಿ."

ಹೋದ ವರ್ಷ ಪಿತ್ತಕೋಶದಲ್ಲಿ ಕಲ್ಲು ಎಂದು ಆಪರೇಷನ್ ಆಗಿತ್ತು. ಅಂಗಡಿ ಕೆಲವು ದಿನ ಮುಚ್ಚಿದ್ದನ್ನು ನೋಡಿ ನಾನು ತಿರುಪತಿಗೆ ಹೋಗಿದ್ದೇನೆಂದು ಇವನು ತಾನೇ ತೀರ್ಮಾನ ಮಾಡಿಕೊಂಡಿದ್ದ. ಮೊದಲ ಸಲ ಅಂಗಡಿಗೆ ಇಳಿದು ಬಂದಾಗ, ಹೊಟ್ಟೆ ಹಿಡಿದುಕೊಂಡು ನಿಂತಿದ್ದ ನನ್ನನ್ನು ಲಾಡು ಎಲ್ಲಿ ಎಂದು ಕೇಳಿದ್ದ. ಅದನ್ನೆಲ್ಲ ಈಗ ಹೇಳಿದೆ. ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಲಿಲ್ಲ. ನೋವು ಶುರುವಾದ ರಾತ್ರಿ, ಸಹನಾ ಆಟೋ ಹುಡುಕಿದ್ದು, ಪ್ರಜ್ಞೆ ಬಂದಾಗ ಪಕ್ಕದಲ್ಲಿ ಅವನಿದ್ದಿದ್ದರೆ ಎಂದುಕೊಂಡದ್ದು, ಅದನ್ನೂ ಹೇಳಿಬಿಟ್ಟೆ. ಆದಿಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಲಕ್ಷ್ಮೀಪತಿ ನನ್ನ ಹೊಟ್ಟೆಯನ್ನೇ ನೋಡುತ್ತಾ, "ಯಾವ ಕಡೆ?" ಎಂದು ಮೆಲ್ಲಗೆ ಕೇಳಿದ. ಬಲಗಡೆ ಎಂದೆ.

ವಾಪಸು ಹೋಗುವಾಗ ಅವನು ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದ. ಯಾರಿಗೂ ಮಾಡಲಿಲ್ಲ. ಹೊಸ ಸುದ್ದಿ ಸಿಕ್ಕಿಯೂ ಸುಮ್ಮನಿದ್ದ ಲಕ್ಷ್ಮೀಪತಿಯನ್ನು ನಾನು ನೋಡಿದ್ದು ಅದೇ ಮೊದಲು.

"ಇದನ್ನ ಯಾರಿಗೂ ಹೇಳಲ್ಲ ಕಣ್ಲಾ" ಎಂದ ಕೊನೆಗೆ. "ನಂಗೇ ಗೊತ್ತಿರ್ಲಿಲ್ಲ ಅಂದ್ರೆ ಎಲ್ರೂ ಉಗೀತಾರೆ."

"ಹೇಳು, ಪರ್ವಾಗಿಲ್ಲ."

"ಹೇಳ್ಲಾ?"

"ಹೇಳು ಅಂದ್ನಲ್ಲ."

ಅವನು ಉಷಾರಾಣಿಗೆ ಫೋನು ಮಾಡಿದ. "ಬತ್ತಾ ಇದೀವಿ, ಇರಮ್ಮ. ಮೊದ್ಲು ಇದನ್ನ ಕೇಳು. ನಮ್ಮ ಯತಿರಾಜಂಗೆ ಹೋದ್ ವರ್ಷ ಎಂಥಾ ಗಂಡಾಂತರ ಕಳೀತು ಗೊತ್ತಾ ನಿಂಗೆ?" ಎಂದು ಶುರು ಮಾಡಿದ. ನೋವು ಬಂದ ರಾತ್ರಿ ಹೇಳಿದ, ಆಟೋ ಹೇಳಿದ, ಬಲಗಡೆ ಎಂದು ಹೇಳಿದ. ಕಲ್ಲನ್ನು ನಾನು ಹೇಳಿದ್ದಕ್ಕಿಂತ ಸ್ವಲ್ಪ ದೊಡ್ಡದು ಮಾಡಿದ. ಅಂಬರೀಶನ ಅತ್ತೆಯ ಮೊಣಕಾಲನ್ನೂ ಅವನು ಇಷ್ಟು ಅಕ್ಕರೆಯಿಂದ ಹೇಳಿರಲಿಲ್ಲ. ನನ್ನ ಕಾಯಿಲೆ ಅವನ ಬಾಯಲ್ಲಿ ಕೇಳುತ್ತಾ ನನಗೆ ಕಣ್ಣು ತುಂಬಿ ಬಂತು, ಮುಂದಿನ ಲಾರಿಯ ಕೆಂಪು ದೀಪ ಎರಡೆರಡಾಗಿ ಕಂಡಿತು. ಮಂಟಪ ಹತ್ತಿರವಾಗುತ್ತಿತ್ತು. ಅವನ ಮಾತು ಮುಗಿಯಲೆಂದು ನಾನು ಗಾಡಿಯನ್ನು ನಿಧಾನ ಮಾಡಿದೆ.